ರವಿಕೆ ಪೀಸಿನ ಲಂಗ

ನಮ್ಮ ದೊಡ್ಡಮ್ಮ ಪಾರ್ವತಮ್ಮನ ಕೋಣೆಯಲ್ಲಿ ಒಂದು ಕಬ್ಬಿಣದ ಟ್ರಂಕಿತ್ತು. ಅದರ ತುಂಬ ರವಿಕೆ ಪೀಸುಗಳು. ನಮ್ಮ ಕಡೆ ಮನೆಗೆ ಬಂದ ಹೆಂಗಸಿಗೆ ಅರಿಶಿನ ಕುಂಕುಮ ಕೊಟ್ಟು, ಮಡಿಲಿಗೆ ಒಂದು ತೆಂಗಿನಕಾಯಿ, ಒಂದು ರವಿಕೆ ಪೀಸು ಹಾಕದೆ ಕಳಿಸುವ ಹಾಗಿಲ್ಲ. ಕಾಯಿಯದೇನೂ ಚಿಂತೆಯಿಲ್ಲ, ಹಿತ್ತಲ ಬಾಗಿಲು ತೆಗೆದರೆ ತೋಟ. ಪೀಸು ಮಾತ್ರ ತೋಟದಲ್ಲಿ ಬೆಳೆಯುವುದಿಲ್ಲ, ಹಾಗಾಗಿ ಅದು ಸುತ್ತುತ್ತಿತ್ತು. ಈ ಮನೆಯಲ್ಲಿ ಕೊಟ್ಟದ್ದು ಆ ಮನೆಯ ಟ್ರಂಕು ಸೇರಿ, ಅಲ್ಲಿಂದ ಇನ್ನೊಬ್ಬಳ ಮಡಿಲು ಸೇರಿ, ಹೊನ್ನವಳ್ಳಿಯಿಂದ ನೊಣವಿನಕೆರೆಗೆ ಹೋಗಿ, ಮೂರು ವರ್ಷದ ಮೇಲೆ ಮಡಿಕೆ ಕೂಡ ಬಿಚ್ಚದೆ ವಾಪಸ್ಸು ಬರುತ್ತಿತ್ತು. ಗಿಳಿಹಸಿರು, ಕಿತ್ತಳೆ, ರಾಣಿ ಪಿಂಕು, ನೇರಳೆ, ಅರಿಶಿನ. ಕಣ್ಣಿಗೆ ಹೊಡೆಯುವ ಬಣ್ಣ, ಬೆಳಕಿಗೆ ಹಿಡಿದರೆ ಆಚೆ ಬದಿಯ ಮನುಷ್ಯ ಕಾಣುವಷ್ಟು ತೆಳುವು. ಯಾರೂ ಅದನ್ನು ಹೊಲಿಸಿಕೊಳ್ಳುತ್ತಿರಲಿಲ್ಲ. ಹೊಲಿಸಿಕೊಳ್ಳಲಿ ಎಂದು ಯಾರೂ ಕೊಡುತ್ತಲೂ ಇರಲಿಲ್ಲ.

ಈ ಸುತ್ತಾಟದಲ್ಲಿ ಒಂದೇ ಅಪಾಯ. ಗಿರಿಜಮ್ಮ ಕೊಟ್ಟ ಪೀಸನ್ನು ಮರೆತು ಗಿರಿಜಮ್ಮನಿಗೇ ಕೊಟ್ಟುಬಿಟ್ಟರೆ ಮಾನ ಹೋಯಿತು. ಅದಕ್ಕೆ ದೊಡ್ಡಮ್ಮ ಒಂದು ಉಪಾಯ ಮಾಡಿದ್ದರು. ಬಂದ ಪೀಸಿನ ಅಂಚಿನಲ್ಲಿ, ಯಾರೂ ನೋಡದ ಕಡೆ, ಕೊಟ್ಟವಳ ಹೆಸರಿನ ಮೊದಲ ಅಕ್ಷರವನ್ನು ಬಾಲ್‌ಪೆನ್ನಿನಲ್ಲಿ ಸಣ್ಣದಾಗಿ ಬರೆದಿಡುವುದು. ಬರೆದದ್ದನ್ನು ಓದಲು ಅವರಿಗೆ ಕಣ್ಣು ಮಂಜು, ಕನ್ನಡಕ ಹಾಕಲು ಅಭಿಮಾನ. ಹಾಗಾಗಿ ಓದುವ ಕೆಲಸ ಎರಡನೇ ಕ್ಲಾಸಿನ ನನ್ನದಾಯಿತು. ಬಂದವರು ನಡುಮನೆಯಲ್ಲಿ ಕೂತು ಕಾಫಿ ಕುಡಿಯುವಾಗ ನಾವಿಬ್ಬರೂ ಟ್ರಂಕಿನ ಮುಂದೆ.

"ಸುಮ, ನೋಡೇ, ಇದ್ರಲ್ಲಿ ಏನೈತೆ?"

"ಗಿ, ದೊಡ್ಡಮ್ಮ."

"ಅದ್ನ ಒಳಗಿಡು. ಗಿರಿಜಮ್ಮನೇ ಬಂದು ಕೂತವ್ಳೆ. ಇದ್ರಲ್ಲಿ?"

"ರ."

"ರತ್ನಿದು. ಇದ್ನ ಕೊಡನ ಬುಡು, ಬಣ್ಣ ಚೆನ್ನಾಗೈತೆ. ಯಾರ್ಗೂ ಹೇಳ್ಬ್ಯಾಡ ಮತ್ತೆ, ನಗ್ತಾರೆ ಕಣೇ."

ಗಿರಿಜಮ್ಮ ತಿಪಟೂರಿನ ದೊಡ್ಡ ಕೊಬ್ಬರಿ ವ್ಯಾಪಾರಸ್ಥರ ಹೆಂಡತಿ, ಅವರ ಸ್ನೇಹಕ್ಕೆ ದೊಡ್ಡಮ್ಮ ಜೀವ ಬಿಡುತ್ತಿದ್ದರು. ರತ್ನಮ್ಮ ನಮ್ಮ ತೋಟದಲ್ಲಿ ಕಾಯಿ ಸುಲಿಯುವವನ ಹೆಂಡತಿ. ರತ್ನಮ್ಮನ ಪೀಸು ಹೀಗೆ ನನ್ನ ಕೈ ದಾಟಿ ಗಿರಿಜಮ್ಮನ ಮಡಿಲು ಸೇರಿದ್ದು ನನಗೆ ಚೆನ್ನಾಗಿ ನೆನಪಿದೆ, ಯಾಕೆಂದರೆ ಮುಂದಿನದಕ್ಕೆಲ್ಲ ಅದೇ ಮೂಲ.

ಈಗ ಅಮ್ಮನ ವಿಷಯ. ಅಮ್ಮ ಆ ಮನೆಯ ಚಿಕ್ಕ ಸೊಸೆ. ಹೆಸರು ನೀಲಮ್ಮ. ಚಿಕ್ಕನಾಯಕನಹಳ್ಳಿ ಕಡೆಯ, ತೆಂಗಿಲ್ಲದ, ಬರೀ ರಾಗಿ ಬೆಳೆಯುವ ಹೊಲದ ಮನೆಯಿಂದ ಬಂದವಳು. ತವರಿನಿಂದ ತಂದದ್ದು ಒಂದು ತುಳಿಯುವ ಹೊಲಿಗೆ ಮಿಷನ್ನು, ಅಷ್ಟೇ. ಇಡೀ ಮನೆಯ ದಿಂಬು, ಪರದೆ, ದೊಡ್ಡಪ್ಪನ ಚಡ್ಡಿ, ಶಶಿಯಕ್ಕನ ಫ್ರಾಕು ಎಲ್ಲ ಅದರಲ್ಲೇ ಹೊಲಿಯುತ್ತಿದ್ದಳು. ಶಶಿಯಕ್ಕ ದೊಡ್ಡಮ್ಮನ ಒಬ್ಬಳೇ ಮಗಳು, ನನಗಿಂತ ಐದು ವರ್ಷ ದೊಡ್ಡವಳು, ಅವಳಿಗೆ ಪೇಟೆಯಿಂದ ಬಟ್ಟೆ ಬರುತ್ತಿತ್ತು. ಅವಳಿಗೆ ಗಿಡ್ಡವಾದದ್ದು ನನಗೆ. ನನ್ನ ಮೈ ಮೇಲೆ ಹೊಸ ಬಟ್ಟೆಯ ಗಂಜಿ ವಾಸನೆ ಇದ್ದದ್ದು ಶಾಲೆಯಲ್ಲಿ ಯೂನಿಫಾರಂ ಹಂಚಿದ ದಿನ ಮಾತ್ರ. ಇದನ್ನು ಕನಿಕರಕ್ಕೆಂದು ಬರೆಯುತ್ತಿಲ್ಲ. ವಾದ ಮಂಡಿಸುವ ಮುಂಚೆ ಸಂಗತಿಗಳನ್ನು ಇಡಬೇಕು, ಇಡುತ್ತಿದ್ದೇನೆ.

ಆ ವರ್ಷ ಗೌರಿ ಹಬ್ಬಕ್ಕೆ ಅಮ್ಮನನ್ನೂ ಐದು ಮನೆಯವರು ಅರಿಶಿನ ಕುಂಕುಮಕ್ಕೆ ಕರೆದರು. ಐದು ಪೀಸು ಬಂದವು. ಮನೆಯ ಪದ್ಧತಿಯ ಪ್ರಕಾರ ಯಾವ ಸೊಸೆಯ ಮಡಿಲಿಗೆ ಬಿದ್ದರೂ ಅದು ದೊಡ್ಡಮ್ಮನ ಟ್ರಂಕಿಗೆ ಹೋಗಬೇಕು. ಅಮ್ಮ ಕಾಯಿಗಳನ್ನು ಒಪ್ಪಿಸಿದಳು, ಪೀಸು ಒಪ್ಪಿಸಲಿಲ್ಲ. ಯಾಕೆ ಆ ಸಲ ಹಾಗೆ ಮಾಡಿದಳೋ ಗೊತ್ತಿಲ್ಲ, ಕೇಳಿದರೆ ಇವತ್ತಿಗೂ ನಗುತ್ತಾಳೆ. ಒಂದು ಪೀಸಿನಲ್ಲಿ ನೆರಿಗೆಯ ಲಂಗ ಆಗುವುದಿಲ್ಲ. ಐದನ್ನೂ ಅಂಚಿನಿಂದ ಅಂಚಿಗೆ ಪಟ್ಟಿ ಕತ್ತರಿಸಿ, ಹಸಿರಿನ ಪಕ್ಕ ಕಿತ್ತಳೆ, ಕಿತ್ತಳೆಯ ಪಕ್ಕ ನೇರಳೆ ಹಾಕಿ, ಪಟ್ಟಿಗೆ ಪಟ್ಟಿ ಜೋಡಿಸಿ ಒಂದು ಲಂಗ ಹೊಲಿದಳು. ಅಂಚು ಇದ್ದ ಬದಿಯನ್ನು ಕೆಳಗೆ ತಂದಳು. ಅಂಚಿನ ಎಳೆ ಬಿಡುವುದಿಲ್ಲ, ಮಡಿಸಿ ಹೊಲಿಯುವ ಕೆಲಸ ಉಳಿಯುತ್ತದೆ. ಮಧ್ಯಾಹ್ನ ದೊಡ್ಡಮ್ಮ ಮಲಗಿದ ಹೊತ್ತಿನಲ್ಲಿ ನನಗೆ ತೊಡಿಸಿ, ಎರಡು ಸುತ್ತು ತಿರುಗಿಸಿ, ಸೂಜಿ ಬಾಯಲ್ಲಿ ಕಚ್ಚಿಕೊಂಡೇ ಹೇಳಿದಳು:

"ಇದು ನಿಂಗಂತ್ಲೇ ಹೊಲ್ದಿದ್ದು. ಯಾರ್ದೂ ಹಳೇದಲ್ಲ."

ನಾನು ನಂಬಿದೆ. ಅಲ್ಲೇ ಎಡವಿದ್ದು.

ಹದಿನೈದು ದಿನದೊಳಗೆ ಶಶಿಯಕ್ಕ ದೊಡ್ಡವಳಾದಳು. ಆರತಿಗೆ ಮನೆ ತುಂಬ ಹೆಂಗಸರು. ಶಶಿಯಕ್ಕ ಕೆಂಪು ರೇಷ್ಮೆ ಸೀರೆಯಲ್ಲಿ ಮಣೆಯ ಮೇಲೆ ಬೆವರುತ್ತ ಕೂತಿದ್ದಳು. ನಾನು ಐದು ಬಣ್ಣ ತೊಟ್ಟು ನಡುಮನೆಯಲ್ಲಿ ಓಡಾಡುತ್ತಿದ್ದೆ. ದೊಡ್ಡಮ್ಮ ಆ ಲಂಗವನ್ನು ನೋಡಿದ್ದು ಆಗಲೇ. ಗಿರಿಜಮ್ಮ ನನ್ನ ಕೈ ಹಿಡಿದು ಎಳೆದುಕೊಂಡರು.

"ಏನೇ ಇದು, ಬಾವುಟ ಸುತ್ಕೊಂಡಂಗೈತೆ. ಯಾರು ಹೊಲ್ದಿದ್ದು?"

"ನಮ್ಮಮ್ಮ. ಈ ಹಸಿರು ನೀವು ಕೊಟ್ಟಿದ್ದು."

"ನಾನು ಯಾವಾಗ ಕೊಟ್ನೇ?"

"ಗೌರಿ ಹಬ್ಬದಲ್ಲಿ, ಅಮ್ಮನ ಮಡಿಲಿಗೆ."

"ಇರಕ್ಕಿಲ್ಲ ಬುಡು. ನಾನು ಇಂತಾ ಚಿಂದಿ ಕೊಡೋಳಲ್ಲ. ಅಂಗಡೀಲಿ ಹೊಸದು ಆರಿಸ್ಕೊಂಡು ಬಂದೇ ಕೊಡೋಳು."

ಸುಳ್ಳು ಹೇಳಿದವರಿಗೆ ಸಾಕ್ಷಿ ತೋರಿಸಬೇಕು ಎಂದು ಎಂಟು ವರ್ಷದ ನನಗೆ ಯಾರೂ ಕಲಿಸಿರಲಿಲ್ಲ. ಅದು ಹುಟ್ಟಿನಿಂದಲೇ ಬಂದಿತ್ತು ಅಂತ ಕಾಣುತ್ತದೆ. ಲಂಗದ ಕೆಳಗಿನ ಅಂಚನ್ನು ಮಗುಚಿ ತೋರಿಸಿದೆ.

"ಇಲ್ಲಿ 'ರ' ಐತೆ ನೋಡಿ. ದೊಡ್ಡಮ್ಮ ಬರ್ದಿರೋದು. ರತ್ನಮ್ಮ ದೊಡ್ಡಮ್ಮಂಗೆ ಕೊಟ್ಟಿದ್ರು, ದೊಡ್ಡಮ್ಮ ನಿಮ್ಗೆ ಕೊಟ್ರು, ನೀವು ನಮ್ಮಮ್ಮಂಗೆ ಕೊಟ್ರಿ. ನಾನೇ ಓದಿದ್ದು."

ಬಾಗಿಲ ಹತ್ತಿರ ನಿಂತಿದ್ದ ರತ್ನಮ್ಮ ಕತ್ತು ಚಾಚಿದರು. ಆಕೆಗೆ ಯಾವ ದುರುದ್ದೇಶವೂ ಇರಲಿಲ್ಲ, ನಿಜವಾಗಿ ಖುಷಿಪಟ್ಟರು.

"ಹೌದಲ್ವಾ, ನನ್ನ ಪೀಸೇ ಅದು. ನಮ್ಮ ಹುಡ್ಗಿ ಮದ್ವೇಲಿ ಪಾರ್ವತಮ್ಮೋರ್ಗೆ ಕೊಟ್ಟಿದ್ದೆ. ಪರ್ವಾಗಿಲ್ಲ, ಊರೆಲ್ಲ ತಿರುಗಿ ಬಂದೈತೆ."

ಯಾರೋ ಮೊದಲು ನಕ್ಕರು, ಆಮೇಲೆ ಎಲ್ಲರೂ. ಗಿರಿಜಮ್ಮ ನಗಲಿಲ್ಲ. ದೊಡ್ಡಮ್ಮನ ಕಡೆ ತಿರುಗಿ, ಮೆಲ್ಲಗೆ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ ಹೇಳಿದರು:

"ಏನ್ ಪಾರ್ವತಮ್ಮ, ನಮ್ಗೆ ಆಳಿನ ಮನೆ ಪೀಸು ದಾಟಿಸಿದ್ರಾ?"

ದೊಡ್ಡಮ್ಮ ನನ್ನನ್ನು ರಟ್ಟೆ ಹಿಡಿದು ಉಗ್ರಾಣಕ್ಕೆ ಕರೆದುಕೊಂಡು ಹೋದರು. ಶಶಿಯಕ್ಕನ ಹಳೇ ಬೂದು ಬಣ್ಣದ ಯೂನಿಫಾರಂ ಗೌನೊಂದನ್ನು ತಲೆಯ ಮೇಲಿಂದ ಇಳಿಬಿಟ್ಟರು.

"ಅದ್ನ ಬಿಚ್ಚು."

"ನಾನು ಹೇಳಿದ್ರಲ್ಲಿ ಸುಳ್ಳು ಯಾವ್ದು ಹೇಳಿ, ಬಿಚ್ತೀನಿ."

"ಬಿಚ್ಚು ಅಂದೆ."

"ಸುಳ್ಳು ಯಾವ್ದು?"

ಲಾಡಿ ಕಿತ್ತು ಎಳೆದುಕೊಂಡರು. ಬಚ್ಚಲ ಒಲೆಯಲ್ಲಿ ಒಣಗರಿ, ಕಾಯಿಸಿಪ್ಪೆ ಉರಿಯುತ್ತಿತ್ತು, ಅದಕ್ಕೆ ಹಾಕಿದರು. ಹತ್ತಿಯಾಗಿದ್ದರೆ ಬೂದಿಯಾಗುತ್ತಿತ್ತು. ಅರ್ಧಕ್ಕರ್ಧ ನೈಲಾನು, ಕರಗಿ ಕಪ್ಪು ಗಂಟಾಗಿ ಕಾಯಿಸಿಪ್ಪೆಗೆ ಮೆತ್ತಿಕೊಂಡಿತು. ಅಮ್ಮ ಹೋಳಿಗೆಯ ತುಪ್ಪದ ಗಿಂಡಿ ಹಿಡಿದು ಅಡಿಗೆಮನೆಯ ಬಾಗಿಲಿಗೆ ಬಂದವಳು ನೋಡಿದಳು. ನೋಡಿ, ಪಂಕ್ತಿಯ ಕಡೆಗೆ ಹೋದಳು. ಅವತ್ತು ಎಷ್ಟು ಜನಕ್ಕೆ ತುಪ್ಪ ಬಡಿಸಿದಳೋ, ಒಬ್ಬರ ಎಲೆಯಲ್ಲೂ ಒಂದು ಹನಿ ಆಚೀಚೆ ಬೀಳಲಿಲ್ಲ. ದೊಡ್ಡಮ್ಮನ ಮೇಲಿನ ಸಿಟ್ಟು ಒಂದು ತೂಕವಾದರೆ ಆ ಆಚೀಚೆ ಬೀಳದ ತುಪ್ಪದ ಮೇಲಿನ ಸಿಟ್ಟು ಇನ್ನೊಂದು ತೂಕ. ಎರಡನ್ನೂ ಹೊತ್ತುಕೊಂಡೇ ಬೆಳೆದೆ.

ಮಾರನೇ ದಿನ ಬೆಳಿಗ್ಗೆ ಮಿಷನ್ನು ಅಟ್ಟ ಹತ್ತಿತು. ನಮ್ಮ ಸೀಮೆಯ ಮನೆಗಳಲ್ಲಿ ಅಟ್ಟ ಎಂದರೆ ಕಾಯಿಗೆ ಮೀಸಲು. ಕಾಯಿಯನ್ನು ಸಿಪ್ಪೆ ಸಮೇತ ಏರಿಸಿ ಹೆಚ್ಚುಕಡಿಮೆ ಒಂದು ವರ್ಷ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು, ಅಲ್ಲಾಡಿಸಿದರೆ ಗಟಗಟ ಸದ್ದಾಗುವ ತನಕ. ಆಳುಗಳು ಹಗ್ಗ ಕಟ್ಟಿ ಮಿಷನ್ನನ್ನು ಮೇಲೆಳೆದರು, ಸುತ್ತ ಕಾಯಿ ರಾಶಿ ಹಾಕಿದರು. ದೊಡ್ಡಮ್ಮ ಹೇಳಿದ್ದು ಇಷ್ಟೇ:

"ಆ ಮೂಲೇಲಿ ಜಾಗ ಬೇಕಿತ್ತು. ಬೇಕಾದಾಗ ಇಳಿಸ್ಕಂಡ್ರೆ ಆಯ್ತು."

ಅಪ್ಪ ಒಂದು ಸಲ ತಲೆಯೆತ್ತಿ ನೋಡಿ "ಅತ್ತಿಗೆ ಹೇಳಿದ್ಮೇಲೆ ಮುಗೀತು" ಅಂದು ತೋಟಕ್ಕೆ ಹೋದರು. ಆ ರಾಶಿ ಇಳಿದು ಕೊಬ್ಬರಿಯಾಯಿತು, ಇನ್ನೊಂದು ರಾಶಿ ಏರಿತು. ಮಿಷನ್ನು ಮಾತ್ರ ಇಳಿಯಲಿಲ್ಲ. ಅಡಿಗೆಮನೆಯಲ್ಲಿ ಮುದ್ದೆ ತೊಳಸುವಾಗ ತಲೆಯ ಮೇಲೆ ಕಾಯಿ ಹೊರಳಿದ ಸದ್ದಾದರೆ ಅಮ್ಮನ ಕೈ ಅರೆಕ್ಷಣ ನಿಲ್ಲುತ್ತಿತ್ತು. ಎರಡು ವರ್ಷ. ಆಮೇಲೆ ಅಣ್ಣತಮ್ಮಂದಿರು ಪಾಲಾಗಿ, ನಾವು ತೋಟದ ಆಚೆ ತುದಿಯ ಶೀಟಿನ ಮನೆಗೆ ಬಂದಾಗಲೇ ಅದು ಕೆಳಗಿಳಿದದ್ದು. ಚಕ್ರ ತುಕ್ಕು ಹಿಡಿದು ತಿರುಗುತ್ತಿರಲಿಲ್ಲ. ಅಪ್ಪನಿಗೆ ಏನೋ ಒಂದು ಅಪರಾಧಿ ಭಾವ ಬಂದು, ತೆಂಗಿನ ಸೀಮೆಯ ಗಂಡಸು ಯಾವುದಕ್ಕೂ ಮಾಡುವುದನ್ನೇ ಮಾಡಿದರು. ಅರ್ಧ ಬಾಟಲಿ ಕೊಬ್ಬರಿ ಎಣ್ಣೆ ಸುರಿದರು. ಚಳಿಗಾಲ ಬರುತ್ತಿದ್ದಂತೆ ಎಣ್ಣೆ ಹೆಪ್ಪುಗಟ್ಟಿ, ತಿರುಗುತ್ತಿದ್ದ ಒಂದೆರಡು ಭಾಗವೂ ನಿಂತುಹೋಯಿತು. ಅಮ್ಮ ಒಂದೊಂದೇ ಸ್ಕ್ರೂ ಬಿಚ್ಚಿ, ಸೀಮೆಎಣ್ಣೆಯಲ್ಲಿ ಅದ್ದಿ, ಹಳೇ ಬ್ರಶ್ಶಿನಲ್ಲಿ ಉಜ್ಜಿ ಮತ್ತೆ ಜೋಡಿಸಿದಳು. ಅದಕ್ಕೆ ಎಂಟು ದಿನ ಹಿಡಿಯಿತು. ಆ ಎಂಟು ದಿನ ಅಪ್ಪನ ಜೊತೆ ಮಾತಾಡಲಿಲ್ಲ.

ಬೂದು ಗೌನಿನ ಆ ಎರಡು ವರ್ಷವೇ ನನ್ನನ್ನು ಮಾಡಿದ್ದು. ಪದ್ಧತಿ ಗೊತ್ತಿದೆಯಲ್ಲ, ನನ್ನಂಥ ಬಟ್ಟೆ ಹೊಲಿಯುವ ಕಸುಬಿನವರನ್ನು ಯಾರಾದರೂ ಸಂದರ್ಶನಕ್ಕೆ ಮಾತಾಡಿಸಿದರೆ ಬಾಲ್ಯದ ಬಣ್ಣಗಳು, ಅಜ್ಜಿಯ ಸೀರೆ, ಹಬ್ಬದ ಸಂಭ್ರಮ, ಅದೇ ಸ್ಫೂರ್ತಿ ಅಂತ ಹೇಳಬೇಕು. ಎಲ್ಲರೂ ಹೇಳುತ್ತಾರೆ. ಎಲ್ಲರ ಅಜ್ಜಿಯೂ ಅಷ್ಟು ಒಳ್ಳೆಯವರಾಗಿದ್ದರೇ ಎಂದು ಯಾರೂ ಅಡ್ಡಪ್ರಶ್ನೆ ಹಾಕುವುದಿಲ್ಲ. ನನ್ನ ಪ್ರಮೇಯ ಬೇರೆ. ಮೈ ಮೇಲಿದ್ದ ಬಣ್ಣಕ್ಕಿಂತ ಮೈ ಮೇಲಿಂದ ಎಳೆದುಕೊಂಡ ಬಣ್ಣ ಹೆಚ್ಚು ಗಟ್ಟಿ. ಬೂದು ಗೌನು ಹಾಕಿದ ಮೇಲೆ ನಾನು ಒಳಗಡೆ ಬಣ್ಣ ಬಚ್ಚಿಡಲು ಕಲಿತೆ. ದೀಪದ ಬತ್ತಿ ಹೊಸೆಯಲು ಇಟ್ಟ ಬಟ್ಟೆ, ಹರಿದ ಸೀರೆಯ ಸೆರಗು, ದರ್ಜಿಯಂಗಡಿಯ ಮುಂದೆ ಬಿದ್ದ ಚೂರು, ಸಿಕ್ಕಿದ್ದನ್ನೆಲ್ಲ ಆರಿಸಿ, ಸೂಜಿಯಲ್ಲಿ ಗೌನಿನ ಒಳಮಡಿಕೆಗೆ ಹೊಲಿದುಕೊಂಡೆ. ಹೊರಗೆ ಬೂದು, ಒಳಗೆ ಜಾತ್ರೆ. ಎದ್ದು ನಿಂತು ಉತ್ತರ ಹೇಳುವಾಗ ಬೆರಳಿಂದ ಆ ಮಡಿಕೆ ಮುಟ್ಟಿಕೊಂಡರೆ ಧೈರ್ಯ. ಕಾಲೇಜಿಗೆ ಬಂದು ಚರ್ಚಾಸ್ಪರ್ಧೆಗಳಿಗೆ ನಿಂತಾಗಲೂ ಹಾಗೇ ಇತ್ತು. ತುಮಕೂರಿನ ಒಂದು ಸ್ಪರ್ಧೆಯಲ್ಲಿ ತೀರ್ಪುಗಾರರೊಬ್ಬರು, ನಿನ್ನ ವಾದ ಚೆನ್ನಾಗಿದೆ ಆದರೆ ಆ ದುಪಟ್ಟಾ ಗಮನ ಬೇರೆ ಕಡೆ ಎಳೆಯುತ್ತದೆ, ತಿಳಿ ಬಣ್ಣ ಹಾಕಿಕೊಂಡು ಬಾ ಎಂದರು. ನನ್ನ ದುಪಟ್ಟಾ ಏಳು ಬಣ್ಣದ ಪಟ್ಟಿಯದು, ಅಮ್ಮ ಹೊಲಿದದ್ದು. ಮುಂದಿನ ಸ್ಪರ್ಧೆಗೆ ಒಂಬತ್ತು ಬಣ್ಣದ್ದು ಹಾಕಿಕೊಂಡು ಹೋಗಿ ಮೊದಲ ಬಹುಮಾನ ತಂದೆ.

ಈಗ ತಿಪಟೂರಿನಲ್ಲಿ ನಮ್ಮದೊಂದು ಅಂಗಡಿ ಇದೆ. ನಾನು ಬಣ್ಣ ಜೋಡಿಸುತ್ತೇನೆ, ಅಮ್ಮ ಕತ್ತರಿಸುತ್ತಾಳೆ, ನಾಲ್ಕು ಜನ ಹೆಂಗಸರು ಹೊಲಿಯುತ್ತಾರೆ. ನಮ್ಮ ಪಟ್ಟಿ ಲಂಗದ ಫೋಟೋ ಫೋನಿನಿಂದ ಫೋನಿಗೆ ಹಾರಿ, ಮದುವೆ ಸೀಮಂತ ಅಂತ ದೂರದ ಊರುಗಳಿಂದಲೂ ಕೇಳುತ್ತಾರೆ. ಹೊರಗೆ ಬೂದು ಖಾದಿ, ಒಳಗೆ ಐದು ಬಣ್ಣದ ಒಳಪದರ ಇರುವ ಕೋಟೂ ಹೊಲಿಯುತ್ತೇವೆ, ಅದಕ್ಕೆ ಗಂಡಸರೂ ಬರುತ್ತಾರೆ. ಬಟ್ಟೆ? ರವಿಕೆ ಪೀಸೇ. ಸುತ್ತಮುತ್ತಲ ಮನೆಗಳ ಟ್ರಂಕು ಖಾಲಿ ಮಾಡುವುದೇ ನನ್ನ ಕಸುಬು. ತಂದವರು ಅಂಚು ನೋಡಿ ಇದು ಯಾರು ಕೊಟ್ಟಿದ್ದು ಅಂತ ನೆನಪು ಮಾಡಿಕೊಳ್ಳುವಾಗ ನನಗೆ ಒಂಥರಾ ಸುಖ. ಇಷ್ಟು ವರ್ಷ ನಾನು ಕಾಯುತ್ತಿದ್ದದ್ದು ಒಂದೇ ಟ್ರಂಕಿಗೆ. ಅದು ಬಂದೇ ಬರುತ್ತದೆ ಅಂತ ನನಗೆ ಗೊತ್ತಿತ್ತು, ಬಂದಾಗ ಏನು ಕೇಳಬೇಕು ಅಂತಲೂ. ದೊಡ್ಡಮ್ಮ ಅಮ್ಮನ ಎದುರು ನಿಂತು, ಆ ಮಿಷನ್ನು ನಿಂದು, ಅದನ್ನು ಅಟ್ಟಕ್ಕೆ ಹಾಕಿಸಿದ್ದು ತಪ್ಪು ಅನ್ನಬೇಕು. ಅಷ್ಟೇ. ಈ ವಾದವನ್ನು ಎಷ್ಟು ಸಲ ಅಭ್ಯಾಸ ಮಾಡಿದ್ದೆನೆಂದರೆ ಎದುರು ಪಕ್ಷದ ಉತ್ತರಗಳೂ ಬಾಯಿಪಾಠ.

ಹೋದ ಮಾಘದಲ್ಲಿ ಬಂತು. ಶಶಿಯಕ್ಕನ ಹೊಸ ಮನೆಯ ಗೃಹಪ್ರವೇಶ. ಅವಳಿಗೂ ಅವಳ ಇಬ್ಬರು ಹೆಣ್ಣುಮಕ್ಕಳಿಗೂ ಪಟ್ಟಿ ಲಂಗ ಬೇಕು, ಅದೂ ಅಜ್ಜಿ ಕೂಡಿಟ್ಟ ಪೀಸುಗಳಲ್ಲೇ. ಟ್ರಂಕಿನ ಪೀಸು ತುಂಬಿದ ಎರಡು ಬ್ಯಾಗನ್ನು ಕಾರಿನಿಂದ ಇಳಿಸಿದರು, ಹಿಂದಿನಿಂದ ಶಶಿಯಕ್ಕನ ಭುಜ ಹಿಡಿದು ದೊಡ್ಡಮ್ಮ. ಈಗ ಕನ್ನಡಕ ಹಾಕಿದ್ದರು. ಅಮ್ಮ ಕತ್ತರಿಸುವ ಮೇಜಿನಿಂದ ಎದ್ದು "ಬನ್ನಿ ಅಕ್ಕ" ಅಂದು ಕುರ್ಚಿ ಎಳೆದಳು. ನೀರು ಕೊಟ್ಟಳು. ಆ ನೀರಿನ ಲೋಟ ನೋಡಿಯೇ ನನಗೆ ಉರಿಯಿತು.

"ನಮ್ ಹುಡ್ಗೀರು ಹಠ ಹಿಡ್ದವ್ರೆ ಕಣೇ," ಶಶಿಯಕ್ಕ ನಕ್ಕಳು. "ಸುಮ ಚಿಕ್ಕಮ್ಮ ಹೊಲ್ದಂಗಿರೋದೇ ಬೇಕಂತೆ. ನೀನು ಚಿಕ್ಕೋಳಿದ್ದಾಗ ಒಂದು ಹಾಕ್ಕಂಡಿದ್ದೆ ಅಲ್ವಾ, ಹಂಗೇ."

"ಅದು ಏನಾಯ್ತು ಅಂತ ನಿಮ್ಮಮ್ಮನ ಕೇಳಕ್ಕ."

ಅಂಗಡಿಯಲ್ಲಿ ಹೊಲಿಯುತ್ತಿದ್ದ ನಾಲ್ಕೂ ಮಿಷನ್ನು ನಿಂತವು. ಶಶಿಯಕ್ಕ ನನ್ನನ್ನೂ ಅವಳಮ್ಮನನ್ನೂ ನೋಡಿದಳು.

"ಇಪ್ಪತ್ತು ವರ್ಷದ ಮಾತ್ನ ಈಗ ಎತ್ತಬೇಕೇನೇ?"

"ಯಾವ ವರ್ಷಕ್ಕೆ ವಾಯಿದೆ ಮುಗಿಯುತ್ತೆ ಹೇಳು. ಹತ್ತಕ್ಕಾ, ಹದಿನೈದಕ್ಕಾ? ಲಂಗದ್ದು ಬುಡು, ಸುಟ್ಟೋಯ್ತು. ಎರಡು ವರ್ಷ ಅಮ್ಮನ ಮಿಷನ್ನು ಕಾಯಿ ಕೆಳಗಿತ್ತು. ಅದು ಅವಳ ತವರಿನದು. ದೊಡ್ಡಮ್ಮ, ನೀವು ಅಮ್ಮನ ಮುಂದೆ ಅದು ತಪ್ಪು ಅಂತ ಒಂದ್ಮಾತು ಹೇಳಿ. ಮೂರು ಲಂಗನೂ ನಾನೇ ಕೂತು ಹೊಲ್ದು ಕೊಡ್ತೀನಿ."

ದೊಡ್ಡಮ್ಮ ಸಿಟ್ಟಾಗುತ್ತಾರೆ ಅಂದುಕೊಂಡಿದ್ದೆ. ನೆನಪಿಲ್ಲ ಅನ್ನಬಹುದು ಅಂದುಕೊಂಡಿದ್ದೆ. ಜಾಗ ಬೇಕಿತ್ತು ಅಂತ ಹಳೇ ಮಾತನ್ನೇ ಹೇಳಿದರೆ ಅದಕ್ಕೂ ಮೂರು ಉತ್ತರ ಸಿದ್ಧ ಇದ್ದವು. ಅವರು ಯಾವುದನ್ನೂ ಹೇಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಕುರ್ಚಿಯ ಕೈಗಳನ್ನು ಊರಿ ನಿಧಾನಕ್ಕೆ ಎದ್ದು ಅಮ್ಮನ ಕಡೆ ತಿರುಗಿದರು. ಮುಖದಲ್ಲಿ ಹಟವಿರಲಿಲ್ಲ. ಹೇಳುತ್ತಾರೆ, ಈಗ ಹೇಳೇಬಿಡುತ್ತಾರೆ ಅಂತ ನನಗೆ ಖಾತ್ರಿಯಾಯಿತು.

"ನೀಲ," ಅಂದರು ದೊಡ್ಡಮ್ಮ, "ಅವತ್ತು ನಾನು..."

"ಬ್ಯಾಡಿ ಅಕ್ಕ," ಅಂದಳು ಅಮ್ಮ.

ಅಮ್ಮನೇ ಮುಂದುವರಿಸಿದಳು.

"ಈ ಬಟ್ಟೆ ನಮ್ಮಿಂದ ಆಗಲ್ಲ. ಬೇರೆ ಕಡೆ ಕೊಡಿ. ಸ್ಟೇಷನ್ ರಸ್ತೇಲಿ ಒಬ್ಬ ಚೆನ್ನಾಗಿ ಹೊಲೀತಾನೆ."

ದನಿ ಏರಲಿಲ್ಲ. ಎರಡು ಬ್ಯಾಗನ್ನೂ ತಾನೇ ಎತ್ತಿ ಬಾಗಿಲ ತನಕ ತಂದಿಟ್ಟಳು, ಕುಂಕುಮದ ಬಟ್ಟಲು ಹಿಡಿದು ದೊಡ್ಡಮ್ಮನಿಗೂ ಶಶಿಯಕ್ಕನಿಗೂ ಹಣೆಗಿಟ್ಟಳು, ಹೋಗಿ ಮೇಜಿನ ಮುಂದೆ ನಿಂತು ಕತ್ತರಿ ಕೈಗೆತ್ತಿಕೊಂಡಳು. ಮಡಿಲಿಗೆ ಏನೂ ಹಾಕಲಿಲ್ಲ. ನಮ್ಮ ಕಡೆಯವರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಶಶಿಯಕ್ಕ ದೊಡ್ಡಮ್ಮನ ಕೈ ಹಿಡಿದು ಕಾರಿಗೆ ಹತ್ತಿಸಿದಳು.

ಕಾರು ತಿರುವು ದಾಟಿದ ಮೇಲೆ ನಾನು ಅಮ್ಮನ ಮೇಲೆ ಹರಿಹಾಯ್ದೆ.

"ಹೇಳ್ತಿದ್ರಲ್ಲಮ್ಮ. ಇನ್ನೊಂದು ಮಾತು, ಅಷ್ಟೇ. ಯಾಕೆ ತಡೆದೆ?"

ಅಮ್ಮ ಗೆರೆ ಎಳೆದ ಕಡೆಯೇ ಕತ್ತರಿ ಓಡಿಸುತ್ತಿದ್ದಳು. ಆ ಉದ್ದ ಮುಗಿಸಿ ಬಟ್ಟೆಯನ್ನು ಮುಂದಕ್ಕೆ ಎಳೆದುಕೊಂಡಳು.

"ಅವ್ರು ಹೇಳಿಬಿಟ್ಟಿದ್ರೆ ನಾನು ಹೊಲೀಬೇಕಾಗ್ತಿತ್ತು," ಅಂದಳು. "ನಂಗೆ ಅವ್ರಿಗೆ ಹೊಲಿಯೋಕೆ ಇಷ್ಟ ಇಲ್ಲ."

"ಆದ್ರೆ..."

"ಒಂದ್ಮಾತಲ್ಲಿ ಅಷ್ಟು ಸಲೀಸಾಗಿ ಮುಗ್ಸೋಕೆ ನಿಂಗೆ ಯಾರು ಹೇಳಿದ್ದು? ಆ ಕೊನೆ ಹಿಡ್ಕೋ, ಬಟ್ಟೆ ಜಾರ್ತಾ ಐತೆ."

ಕೊನೆ ಹಿಡಿದುಕೊಂಡೆ.